ಮೂರು ನೂರು ಯೆನ್ನಿನ ತಟ್ಟೆ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಎರಡೇ ಪ್ರಶ್ನೆ ಕೇಳುತ್ತಾರೆ. ಒಂದು, "ಏನೇನು ನೋಡಿದಿರಿ?" ಇನ್ನೊಂದು, "ಊಟಕ್ಕೆ ಏನು ಮಾಡಿಕೊಂಡಿರಿ?" 2023ರ ಬೇಸಿಗೆ ರಜೆಯಲ್ಲಿ ಮಗಳು-ಅಳಿಯನ ಒತ್ತಾಯಕ್ಕೆ ಮಣಿದು ಮೂರು ವಾರ ಜಪಾನಿನಲ್ಲಿ ಇದ್ದು ಬಂದ ನನ್ನನ್ನೂ ಸ್ಟಾಫ್ ರೂಮಿನಲ್ಲಿ ಇವೇ ಎರಡು ಪ್ರಶ್ನೆಗಳು ಕಾಯುತ್ತಿದ್ದವು. ಮೊದಲನೆಯದಕ್ಕೆ ಫ್ಯೂಜಿ ಪರ್ವತ, ಬುಲೆಟ್ ರೈಲು ಎಂದು ಎಲ್ಲರೂ ನಿರೀಕ್ಷಿಸಿದ್ದ ಉತ್ತರವನ್ನೇ ಕೊಟ್ಟು ಪಾಸಾದೆ. ಎರಡನೆಯದರಲ್ಲಿ ನಪಾಸಾದೆ. "ಮರೆಯಲಾಗದ ಊಟವೆಂದರೆ ಒಂದು ತಟ್ಟೆ ಇಟಲಿಯವರ ಶಾವಿಗೆ" ಎಂದೆ. ಕನ್ನಡ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. "ಮೈಸೂರಿಗೆ ಹೋಗಿ ಧಾರವಾಡ ಪೇಡ ತಿಂದು ಬಂದ ಹಾಗಾಯಿತಲ್ಲ ಸ್ವಾಮಿ!"

ನಗಲಿ. ಆದರೆ ಆ ತಟ್ಟೆಯಲ್ಲಿ ಶಾವಿಗೆಯ ಜೊತೆಗೆ ಸ್ವಲ್ಪ ಭೌತಶಾಸ್ತ್ರವೂ ಸ್ವಲ್ಪ ರಸಾಯನಶಾಸ್ತ್ರವೂ ಇತ್ತು. ಇವೆರಡರ ಹೊರಗಿನ ಇನ್ನೊಂದು ವಿಷಯವೂ ಇತ್ತು. ಈ ವಾರ ಅದನ್ನು ಬಡಿಸುತ್ತೇನೆ.

ಟೋಕಿಯೊದ ಪೂರ್ವದ ಅಂಚಿನಲ್ಲಿ ನಿಶಿ ಕಸಾಯ್ ಎಂಬ ಬಡಾವಣೆಯಿದೆ. ನಮ್ಮ ದೇಶದ ಕಂಪ್ಯೂಟರ್ ಎಂಜಿನಿಯರುಗಳ ಸಂಸಾರಗಳು ಅಲ್ಲಿ ಬಹಳ. ಸಂಜೆ ಉದ್ಯಾನದಲ್ಲಿ ಕುಳಿತರೆ ತಮಿಳು, ತೆಲುಗು, ಮರಾಠಿ, ಒಮ್ಮೊಮ್ಮೆ ಕನ್ನಡವೂ ಕಿವಿಗೆ ಬೀಳುತ್ತದೆ. ಮಗಳ ಮನೆ ಅಲ್ಲಿಯೇ. ನಾನು ಹೋದ ಎರಡನೆಯ ವಾರ ಒಂದು ಫೋನು ಬಂತು. "ಸಾರ್, ನಾನು ಸಾರ್, ಗೊತ್ತಾಯ್ತಾ?" ಧ್ವನಿ ಗೊತ್ತಾಗಲಿಲ್ಲ. ಹೆಸರು ಹೇಳಿದ ಮೇಲೆ ಗೊತ್ತಾಯಿತು. ನಮ್ಮ ಶಾಲೆಯಲ್ಲಿ ಓದಿದ ಹುಡುಗ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶುಲ್ಕ ಕಟ್ಟುವ ದಿನ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದವನು. ಆ ದಿನ ನಾನು ಏನು ಮಾಡಿದೆ ಎಂಬುದು ದೊಡ್ಡ ಸಂಗತಿಯಲ್ಲ, ಯಾವ ಮೇಷ್ಟ್ರಾದರೂ ಮಾಡುವಂಥದು. ನನಗೆ ಮರೆತೇ ಹೋಗಿತ್ತು. ಅವನಿಗೆ ಮರೆತಿರಲಿಲ್ಲ.

ಜಪಾನಿನಲ್ಲಿ ಭಾಷೆ ಕಲಿತು, ಈಗ ಒಂದು ವೃತ್ತಿಶಿಕ್ಷಣ ಶಾಲೆಯಲ್ಲಿ ಓದುತ್ತಿದ್ದಾನಂತೆ. ಅಲ್ಲಿ ಹೊರದೇಶದ ವಿದ್ಯಾರ್ಥಿಗಳು ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಅವನು ಟೋಕಿಯೊದ ಒಂದು ಉಪಾಹಾರ ಗೃಹದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಆ 28 ಗಂಟೆಯ ಸಂಬಳದಲ್ಲೇ ಕೋಣೆಯ ಬಾಡಿಗೆ, ಊಟ, ಓದು ಎಲ್ಲ. ಹೀಗಿರುವಾಗ ಅವನು ಕೇಳಿದ್ದೇನು? "ಭಾನುವಾರ ಊಟಕ್ಕೆ ನಾನು ಕರ್ಕೊಂಡು ಹೋಗ್ತೀನಿ ಸಾರ್. ಬರಲೇಬೇಕು."

ಓದುಗರೇ, ಇಂಥ ಸಂದರ್ಭದಲ್ಲಿ ಮೇಷ್ಟ್ರಾದವನ ಸಂಕಟ ನಿಮಗೆ ಅರ್ಥವಾಗಬಹುದು. ಬರುವುದಿಲ್ಲ ಎಂದರೆ ಹುಡುಗನ ಮನಸ್ಸು ನೋಯುತ್ತದೆ. ಬರುತ್ತೇನೆ ಎಂದರೆ ಅವನ ಜೇಬು ನೋಯುತ್ತದೆ. ಹೋಗಿ, ಬಿಲ್ಲು ಬಂದಾಗ ನಾನೇ ಕೈ ಮುಂದೆ ಮಾಡಿದರೆ? ಅದು ಎರಡಕ್ಕಿಂತಲೂ ಕೆಟ್ಟದ್ದು. ಟೋಕಿಯೊದ ಹೋಟೆಲುಗಳ ದರಪಟ್ಟಿಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿ ನೋಡಿ ನನಗೆ ಅದಾಗಲೇ ಹಸಿವು ಕಡಿಮೆಯಾಗಿತ್ತು. ಮಗಳು, "ಹೋಗಿ ಬನ್ನಿ ಅಪ್ಪ, ಎಲ್ಲಿಗೆ ಕರ್ಕೊಂಡು ಹೋಗ್ತಾನೆ ಅಂತ ನಂಗೆ ಗೊತ್ತು, ಹೆದರಬೇಡಿ" ಎಂದು ನಕ್ಕಳು.

ಹುಡುಗನ ವಾಸ ಎಡೊ ನದಿಯ ಆಚೆಯ ಇಚಿಕಾವಾ ನಗರದಲ್ಲಿ. ಅವನು ನನ್ನನ್ನು ಕರೆದೊಯ್ದದ್ದು ಅಲ್ಲಿನ ಒಂದು ಸೈಜೆರಿಯಾಗೆ. ನಮ್ಮೂರಿನವರಿಗೆ ಹೇಳುವುದಾದರೆ, ಅದು ಜಪಾನಿನಲ್ಲಿ ಎಲ್ಲಿ ನೋಡಿದರೂ ಕಾಣುವ ಇಟಾಲಿಯನ್ ಊಟದ ಹೋಟೆಲು. ಆ ದೇಶವೊಂದರಲ್ಲೇ ಸಾವಿರಕ್ಕೂ ಹೆಚ್ಚು ಮಳಿಗೆಗಳಿವೆ. ಒಳಗೆ ಗೋಡೆಯ ಮೇಲೆ ಇಟಲಿಯ ಹಳೆಯ ಚಿತ್ರಗಳ ನಕಲುಗಳು, ಮೆತ್ತನೆಯ ಬೆಂಚುಗಳು. ಒಂದು ಮೂಲೆಯಲ್ಲಿ ಶಾಲಾ ಸಮವಸ್ತ್ರದ ಹುಡುಗಿಯರು ಪುಸ್ತಕ ಹರಡಿಕೊಂಡಿದ್ದರು. ಇನ್ನೊಂದರಲ್ಲಿ ಒಬ್ಬ ಮುದುಕರು ಪತ್ರಿಕೆ ಓದುತ್ತಾ ಒಂಟಿಯಾಗಿ ಉಣ್ಣುತ್ತಿದ್ದರು. ನಡುವೆ ಮೂರು ಮಕ್ಕಳ ಒಂದು ಸಂಸಾರ. ಯಾರನ್ನೂ ಯಾರೂ ಎಬ್ಬಿಸುತ್ತಿರಲಿಲ್ಲ.

ದರಪಟ್ಟಿ ನೋಡಿದೆ. ಪೆಪೆರೊನ್‌ಚಿನೊ ಸ್ಪಗೆಟ್ಟಿ, 300 ಯೆನ್. ಮಿಲಾನ್ ಶೈಲಿಯ ಡೋರಿಯಾ, 300 ಯೆನ್. ಸಣ್ಣ ಸೀಗಡಿಯ ಸಲಾಡ್, 350. ಊಟದ ಜೊತೆಗೆ ಬೇಕಾದಷ್ಟು ಸಲ ತುಂಬಿಸಿಕೊಳ್ಳುವ ಪಾನೀಯ, 200. ಆಗಿನ ವಿನಿಮಯ ದರದಲ್ಲಿ 300 ಯೆನ್ ಎಂದರೆ ಹೆಚ್ಚು ಕಡಿಮೆ 180 ರೂಪಾಯಿ. ಅಗ್ಗವೇ? ರೂಪಾಯಿಯಲ್ಲಿ ಅಳೆದರೆ ಗೊತ್ತಾಗುವುದಿಲ್ಲ. ಮಾನವನ್ನು ಬದಲಿಸಬೇಕು. ಆ ಏಪ್ರಿಲ್‌ನಲ್ಲಿ ಟೋಕಿಯೊದ ಕನಿಷ್ಠ ಕೂಲಿ ಗಂಟೆಗೆ 1,072 ಯೆನ್. ಅಂದರೆ ಅತಿ ಕಡಿಮೆ ಸಂಬಳದ ಕೆಲಸಗಾರನೂ ಹದಿನೇಳು ನಿಮಿಷ ದುಡಿದರೆ ಒಂದು ತಟ್ಟೆ ಪಾಸ್ತಾ ಅವನದು. ಹೀಗೆ ಅಳೆದಾಗ ಮಾತ್ರ ಅಗ್ಗವೆಂಬುದರ ಅರ್ಥ ಸಿಗುತ್ತದೆ. ನಿಮ್ಮ ಊರಿನ ಮಸಾಲೆ ದೋಸೆಯನ್ನೂ ಒಮ್ಮೆ ರೂಪಾಯಿ ಬಿಟ್ಟು ನಿಮಿಷದಲ್ಲಿ ಅಳೆದು ನೋಡಿ. ಯಾರ ನಿಮಿಷ ಎಂಬುದರ ಮೇಲೆ ಉತ್ತರ ಬೇರೆಯಾಗುತ್ತದೆ.

ಆಗ ಪುಟ್ಟ ಚೀಟಿಯಲ್ಲಿ ತಿಂಡಿಯ ಸಂಖ್ಯೆ ಬರೆದುಕೊಟ್ಟರೆ ಸಾಕಾಗುತ್ತಿತ್ತು, ಮಾತಿಲ್ಲ ಕತೆಯಿಲ್ಲ. ತಟ್ಟೆ ಬರುವ ತನಕ ಕಾಲ ಕಳೆಯಲು ಮಕ್ಕಳ ದರಪಟ್ಟಿಯಲ್ಲಿ ಎರಡು ಚಿತ್ರಗಳಿದ್ದವು. ಹತ್ತು ವ್ಯತ್ಯಾಸ ಹುಡುಕಬೇಕು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣಿಗೆ ಆರು ಮಾತ್ರ ಸಿಕ್ಕಿದವು. "ಇದು ಜಪಾನಿನವರಿಗೇ ಕಷ್ಟ ಸಾರ್" ಎಂದು ಹುಡುಗ ಸಮಾಧಾನ ಹೇಳಿದ.

ಪೆಪೆರೊನ್‌ಚಿನೊ ಬಂತು. ಇಟಲಿಯ ಭಾಷೆಯಲ್ಲಿ ಆ ಪದಕ್ಕೆ ಮೆಣಸಿನಕಾಯಿ ಎಂದಷ್ಟೇ ಅರ್ಥ. ಅಲ್ಲಿನವರು ಈ ತಿಂಡಿಗೆ 'ಬೆಳ್ಳುಳ್ಳಿ, ಎಣ್ಣೆ ಮತ್ತು ಮೆಣಸಿನಕಾಯಿ' ಎಂದು ಉದ್ದಕ್ಕೆ ಹೆಸರಿಟ್ಟಿದ್ದಾರೆ, ಜಪಾನಿನವರು ಮೊಟಕು ಮಾಡಿಕೊಂಡಿದ್ದಾರೆ. ಇನ್ನು ಮಿಲಾನ್ ಶೈಲಿಯ ಡೋರಿಯಾವನ್ನು ಮಿಲಾನಿನಲ್ಲಿ ಹುಡುಕಬೇಡಿ. ಅನ್ನದ ಮೇಲೆ ಬಿಳಿ ಸಾಸ್ ಸುರಿದು ಬೇಯಿಸುವ ಡೋರಿಯಾ ಹುಟ್ಟಿದ್ದು ಜಪಾನಿನಲ್ಲೇ, ಯೊಕೊಹಾಮಾದ ಒಂದು ದೊಡ್ಡ ಹೋಟೆಲಿನಲ್ಲಿ, 1930ರ ಸುಮಾರಿಗೆ, ಸ್ವಿಟ್ಜರ್ಲೆಂಡಿನ ಬಾಣಸಿಗನೊಬ್ಬನ ಕೈಯಲ್ಲಿ. ಅನ್ನವಿಲ್ಲದೆ ಊಟವಾಗದು ಎನ್ನುವ ನನ್ನಂಥವರಿಗೆ ಅದು ಆಪದ್ಬಾಂಧವ. (ನಮ್ಮದು ಮಾಂಸ-ಮೀನು ತಿನ್ನುವ ಮನೆ. ಶಾಕಾಹಾರಿಗಳು ಆ ದೇಶದಲ್ಲಿ ಪ್ರತಿ ತಟ್ಟೆಯನ್ನೂ ವಿಚಾರಿಸಿಯೇ ಮುಟ್ಟುವುದು ಕ್ಷೇಮ.)

ಸ್ಪಗೆಟ್ಟಿಯನ್ನು ಕಂಡು ನನ್ನ ಮನಸ್ಸು ಪಾಠಕ್ಕೆ ಹೊರಟಿತು. ಪಾಸ್ತಾ ಎಂದರೆ ರವೆಯ ಶಾವಿಗೆ. ಅದಕ್ಕೆ ಬಳಸುವುದು ಡ್ಯೂರಮ್ ಎಂಬ ಗಟ್ಟಿ ಗೋಧಿ. ಅದೇನೋ ಪರದೇಶದ ವಸ್ತುವೆಂದು ತಿಳಿಯಬೇಡಿ. ಉಪ್ಪಿಟ್ಟಿಗೆ ಅಂಗಡಿಯಿಂದ ತರುವ ಬನ್ಸಿ ರವೆ ಆ ಜಾತಿಯ ಗೋಧಿಯದೇ. ಅದರಲ್ಲಿ ಪ್ರೋಟೀನು ಹೆಚ್ಚು. ನೀರು ಹಾಕಿ ನಾದಿದಾಗ ಆ ಪ್ರೋಟೀನು ಗ್ಲುಟೆನ್ ಎಂಬ ಬಲೆಯಾಗಿ ಪಿಷ್ಟದ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕುದಿಯುವ ನೀರಿಗೆ ಬಿದ್ದಾಗ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಬಲೆ ಅದನ್ನು ಚೆಲ್ಲಿಹೋಗದಂತೆ ತಡೆಯುತ್ತದೆ. ಆದ್ದರಿಂದಲೇ ಒಳ್ಳೆಯ ಪಾಸ್ತಾ ಬೆಂದರೂ ಮುದ್ದೆಯಾಗುವುದಿಲ್ಲ, ಹಲ್ಲಿಗೆ ಸ್ವಲ್ಪ ತಡೆ ಕೊಡುತ್ತದೆ.

"ನೀರಿಗೆ ಉಪ್ಪು ಹಾಕೋದು ಬೇಗ ಕುದಿಯಲಿ ಅಂತ ಅಲ್ವಾ ಸಾರ್?" ಎಂದು ಹುಡುಗ ಕೇಳಿದ. ಹತ್ತನೆಯ ತರಗತಿಯಲ್ಲಿ ನಾನು ಹೇಳಿಕೊಟ್ಟದ್ದು ಎಲ್ಲಿಗೆ ಹೋಯಿತೋ! ಉಪ್ಪು ಬೆರೆತರೆ ನೀರಿನ ಕುದಿಬಿಂದು ಏರುತ್ತದೆ, ಇಳಿಯುವುದಿಲ್ಲ. ಏರುವುದಾದರೂ ಎಷ್ಟು? ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಸುಮಾರು 0.2 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕಡಿಮೆ. ಉಪ್ಪು ರುಚಿಗಾಗಿ, ಅಷ್ಟೆ. ಶಾವಿಗೆಯ ಒಳಗೆ ಉಪ್ಪು ಇಳಿಯಲು ಇರುವ ಅವಕಾಶ ಅದೊಂದೇ. ಕುದಿಬಿಂದುವನ್ನು ನಿಜವಾಗಿ ಬದಲಿಸುವುದು ಊರಿನ ಎತ್ತರ. ಸಮುದ್ರದ ಪಕ್ಕದ ಟೋಕಿಯೊದಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಪೊಟ್ಟಣದ ಮೇಲೆ ಒಂಬತ್ತು ನಿಮಿಷ ಎಂದು ಅಚ್ಚಾಗಿದ್ದರೆ ನಮ್ಮ ಬಯಲುಸೀಮೆಯವರು ಒಂದು ನಿಮಿಷ ಹೆಚ್ಚಿಗೆ ಬಿಟ್ಟು ಒಂದು ಎಳೆ ಬಾಯಿಗೆ ಹಾಕಿ ನೋಡಬೇಕು.

ಈ ತಿಂಡಿಯ ನಿಜವಾದ ಗುಟ್ಟು ಎಣ್ಣೆಯಲ್ಲಿದೆ. ಬೆಳ್ಳುಳ್ಳಿಯನ್ನು ಹೆಚ್ಚಿದ ಕ್ಷಣದಲ್ಲಿ ಅದರ ಕೋಶಗಳು ಒಡೆದು, ಒಳಗೆ ಬೇರೆ ಬೇರೆಯಾಗಿದ್ದ ಒಂದು ಕಿಣ್ವವೂ ಒಂದು ಗಂಧಕದ ಸಂಯುಕ್ತವೂ ಕೂಡಿ ಅಲಿಸಿನ್ ಹುಟ್ಟುತ್ತದೆ. ಬೆಳ್ಳುಳ್ಳಿಯ ಘಾಟು ಅದರದೇ. ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗಲು ಒಲ್ಲದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಎರಡನ್ನೂ ತಣ್ಣನೆಯ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ನಮ್ಮ ಒಗ್ಗರಣೆಯ ಅವಸರ ಇಲ್ಲಿ ನಡೆಯದು. ಬೆಳ್ಳುಳ್ಳಿ ಕಂದಾದರೆ ಕಹಿ.

ಮುಂದಿನದು ಬೆಂದ ನೀರು. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ಇಬ್ಬರಿಗೆ ಆಗಿಬರದಿದ್ದರೆ ಎಣ್ಣೆ ಸೀಗೆಕಾಯಿ ಸಂಬಂಧ ಎನ್ನುತ್ತೇವೆ. ವಿಜ್ಞಾನದ ದೃಷ್ಟಿಯಿಂದ ಈ ಮಾತು ತಿರುಗುಮುರುಗು. ಎಣ್ಣೆಯನ್ನು ನೀರಿನ ಜೊತೆಗೆ ಬೆರೆಸಿ ಕಳಿಸುವ ಮಧ್ಯಸ್ಥಗಾರನೇ ಸೀಗೆಕಾಯಿ. ಪಾಸ್ತಾ ಬೆಂದ ನೀರಿನಲ್ಲಿ ಕರಗಿದ ಪಿಷ್ಟ ಇಲ್ಲಿ ಹೆಚ್ಚು ಕಡಿಮೆ ಅದೇ ಕೆಲಸ ಮಾಡುತ್ತದೆ. ಒಂದು ಸೌಟು ಆ ನೀರನ್ನು ಎಣ್ಣೆಗೆ ಹಾಕಿ ಬಾಣಲೆಯನ್ನು ಕುಲುಕಿದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು, ಮತ್ತೆ ಕೂಡದಂತೆ ನೀರಿನಲ್ಲಿ ತೇಲುತ್ತವೆ. ಅದೇ ಎಮಲ್ಷನ್. ಆಗ ಸಾಸು ಎಳೆಗೆ ಅಂಟುತ್ತದೆ. ಕುಲುಕದಿದ್ದರೆ ತಟ್ಟೆಯ ತಳದಲ್ಲಿ ಎಣ್ಣೆ ನಿಂತುಬಿಡುತ್ತದೆ. ನಾಲ್ಕೇ ಪದಾರ್ಥಗಳ ಈ ತಿಂಡಿಯಲ್ಲಿ ತಪ್ಪನ್ನು ಮುಚ್ಚಿಡಲು ಕೊಬ್ಬರಿಯಿಲ್ಲ, ಮಸಾಲೆಯಿಲ್ಲ. ಸರಳವಾದದ್ದನ್ನು ಸರಿಯಾಗಿ ಮಾಡುವುದೇ ಕಷ್ಟ.

ಅದನ್ನು ಸಾವಿರ ಮಳಿಗೆಗಳಲ್ಲಿ, ಪ್ರತಿದಿನ, ಮೂರು ನೂರು ಯೆನ್ನಿಗೆ ಒಂದೇ ಬಗೆಯಾಗಿ ಬಡಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಭೌತಶಾಸ್ತ್ರದ ವಿದ್ಯಾರ್ಥಿ ಎಂದು ಗೊತ್ತಾದಾಗ ನನಗೆ ಆದ ಸಂತೋಷವನ್ನು ವಿಜ್ಞಾನದ ಮೇಷ್ಟ್ರುಗಳೆಲ್ಲ ಊಹಿಸಿಕೊಳ್ಳಬಹುದು.

ಅವರ ಹೆಸರು ಯಾಸುಹಿಕೊ ಶೋಗಾಕಿ. ಹುಟ್ಟಿದ್ದು 1946ರಲ್ಲಿ. ಟೋಕಿಯೊ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಾ ಒಂದು ಹೋಟೆಲಿನಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು, ನನ್ನ ಹುಡುಗನ ಹಾಗೆಯೇ. ಓದು ಮುಗಿಯುವ ಮೊದಲೇ, 1967ರಲ್ಲಿ, ಇದೇ ಇಚಿಕಾವಾದಲ್ಲಿ ಸೈಜೆರಿಯಾ ಎಂಬ ಪುಟ್ಟ ಹೋಟೆಲನ್ನು ವಹಿಸಿಕೊಂಡರು. ಅದು ಇದ್ದದ್ದು ತರಕಾರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಗಿರಾಕಿಗಳು ಅಷ್ಟಕ್ಕಷ್ಟೆ. ಸಾಲದ್ದಕ್ಕೆ, ಒಂದು ರಾತ್ರಿ ಗಿರಾಕಿಗಳ ಜಗಳದಲ್ಲಿ ಒಲೆ ಉರುಳಿ ಬೆಂಕಿ ಬಿತ್ತು, ಹೋಟೆಲು ಸುಟ್ಟುಹೋಯಿತು. ಇನ್ನು ಸಾಕೆಂದು ಕೈಬಿಡಲು ಹೊರಟ ಮಗನಿಗೆ ಅದೇ ಜಾಗದಲ್ಲಿ ಮತ್ತೆ ತೆರೆ ಎಂದು ಧೈರ್ಯ ಹೇಳಿದವರು ತಾಯಿ. ಮತ್ತೆ ತೆರೆದಾಗ ಅದು ಇಟಲಿಯ ಊಟದ ಹೋಟೆಲಾಗಿತ್ತು.

ಆದರೂ ಜನ ಬರಲಿಲ್ಲ. ಜನಕ್ಕೆ ರುಚಿ ಗೊತ್ತಿಲ್ಲ ಎಂದು ದೂರುವುದು ಸುಲಭ. ಪ್ರಯೋಗ ತಪ್ಪಿದರೆ ಪ್ರಕೃತಿಯನ್ನು ಬೈಯುವ ಹಾಗಿಲ್ಲ, ಪ್ರಯೋಗವನ್ನೇ ತಿದ್ದಬೇಕು ಎಂಬುದು ಭೌತಶಾಸ್ತ್ರದ ಪಾಠ. ಶೋಗಾಕಿ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಸಾಲಲಿಲ್ಲ. ನೂರರಲ್ಲಿ ಎಪ್ಪತ್ತು ಭಾಗ ಇಳಿಸಿದರು. ಆಗ ಮಹಡಿಯ ಮೆಟ್ಟಿಲಿನಿಂದ ಬೀದಿಯ ತನಕ ಸಾಲು ನಿಂತಿತು. ಊಟ ಮುಗಿದ ಮೇಲೆ ಹುಡುಗ ನನಗೆ ಆ ಹಳೆಯ ಕಟ್ಟಡವನ್ನು ಹೊರಗಿನಿಂದ ತೋರಿಸಿದ. ಸಂಸ್ಥೆ ಅದನ್ನು ಸ್ಮಾರಕವಾಗಿ ಉಳಿಸಿಕೊಂಡಿದೆ. ನೋಡಲು ಏನೂ ಇಲ್ಲ, ನಮ್ಮ ಹಳೆಯ ಪೇಟೆ ಬೀದಿಯ ಮಹಡಿ ಅಂಗಡಿಯಷ್ಟೇ ಇದೆ.

ಬೆಲೆ ಇಳಿಸುವುದು ಯಾರಿಗೂ ಗೊತ್ತು. ಇಳಿಸಿ ಉಳಿಯುವುದು ಹೇಗೆ ಎಂಬುದೇ ಲೆಕ್ಕ. ಅವರು ಮುಖ್ಯವೆಂದು ಹಿಡಿದ ಅಳತೆ, ಒಬ್ಬ ಕೆಲಸಗಾರನ ಒಂದು ಗಂಟೆಯಲ್ಲಿ ಎಷ್ಟು ಆದಾಯ ಹುಟ್ಟುತ್ತದೆ ಎಂಬುದು. ಈ ಅಳತೆಗೋಲು ಹಿಡಿದು ನೋಡಿದರೆ ಅಡುಗೆಮನೆಯಲ್ಲಿ ವ್ಯರ್ಥವಾಗುವ ಪ್ರತಿ ಹೆಜ್ಜೆಯೂ ಕಾಣುತ್ತದೆ. ಸೈಜೆರಿಯಾದ ಮಳಿಗೆಯ ಅಡುಗೆಮನೆಯಲ್ಲಿ ಚಾಕುವಿಲ್ಲವಂತೆ. ಹೆಚ್ಚುವ ಕೆಲಸವೆಲ್ಲ ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ನೆಲ ಗುಡಿಸಲು ಮೊದಲು ವಿದ್ಯುತ್ ಯಂತ್ರವಿತ್ತು. ಅದನ್ನು ಬಿಟ್ಟು ಅಗಲವಾದ ಒರೆಸುಕೋಲು ತಂದಾಗ ಸಮಯ ಸುಮಾರು ಅರ್ಧಕ್ಕೆ ಇಳಿಯಿತಂತೆ. ಯಂತ್ರಕ್ಕಿಂತ ಕೋಲು ವೇಗ ಎಂಬುದು ಅಳೆದು ನೋಡಿದವರಿಗೆ ಮಾತ್ರ ಗೊತ್ತಾಗುವ ಸತ್ಯ. ಸಲಾಡಿನ ಸೊಪ್ಪಿಗೆ ಫುಕುಶಿಮಾ ಪ್ರಾಂತದಲ್ಲಿ ಸ್ವಂತ ತೋಟ. ಕಟಾವಿನಿಂದ ಮಳಿಗೆಯ ತನಕ ಸೊಪ್ಪನ್ನು 4 ಡಿಗ್ರಿಯಲ್ಲಿ ಸಾಗಿಸುತ್ತಾರೆ. ಕಿತ್ತ ಸೊಪ್ಪೂ ಉಸಿರಾಡುತ್ತಿರುತ್ತದೆ, ತಣ್ಣಗಿಟ್ಟರೆ ಆ ಉಸಿರು ನಿಧಾನವಾಗಿ ಸೊಪ್ಪು ಬಾಡುವುದು ತಡವಾಗುತ್ತದೆ. ಬಿಳಿ ಸಾಸಿಗೆ ಹಾಲು ಅಗ್ಗವಾಗಿ ಹೇರಳವಾಗಿ ಸಿಗುವ ಆಸ್ಟ್ರೇಲಿಯಾದಲ್ಲಿ, ಮೆಲ್ಬರ್ನ್ ಬಳಿಯ ಮೆಲ್ಟನ್ ಎಂಬಲ್ಲಿ, ಸ್ವಂತ ಕಾರ್ಖಾನೆ.

1999ರಲ್ಲಿ ಡೋರಿಯಾದ ಬೆಲೆಯನ್ನು 480 ಯೆನ್ನಿನಿಂದ 290ಕ್ಕೆ ಇಳಿಸಿದರು. ಆ ಒಂದು ತಿಂಡಿಯನ್ನು ಸಾವಿರಕ್ಕೂ ಹೆಚ್ಚು ಸಲ ತಿದ್ದಿದ್ದೇವೆ ಎಂದು ಸಂಸ್ಥೆ ಹೇಳಿಕೊಳ್ಳುತ್ತದೆ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಚಿಲ್ಲರೆ ಕೈಯಿಂದ ಕೈಗೆ ಓಡಾಡುವುದನ್ನು ಕಡಿಮೆ ಮಾಡಲು ಎಲ್ಲ ಬೆಲೆಗಳೂ 50ರ ಗುಣಕಗಳಾದವು. 299 ಇದ್ದ ತಟ್ಟೆ 300 ಆಯಿತು. ಮುಂದೆ ಜಪಾನಿನಲ್ಲಿ ಎಲ್ಲದರ ಬೆಲೆ ಏರಿದಾಗ, ಬೇರೆ ಹೋಟೆಲುಗಳು ದರಪಟ್ಟಿ ಬದಲಿಸುತ್ತಿದ್ದಾಗಲೂ ನಾನು ಹೋದ ದಿನ ಆ ಸಂಖ್ಯೆ ಹಾಗೆಯೇ ಇತ್ತು.

ಇಷ್ಟು ಹೇಳಿ ಕೈಮುಗಿದುಬಿಟ್ಟರೆ ಅದು ಜಾಹೀರಾತಾಗುತ್ತದೆ, ಪಾಠವಾಗುವುದಿಲ್ಲ. ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲ ಎಂದು ಮಕ್ಕಳಿಗೆ ಹೇಳುವ ನಾನು ಅಗ್ಗವೂ ಶೂನ್ಯದಿಂದ ಹುಟ್ಟುವುದಿಲ್ಲ ಎಂದು ಹೇಳಬೇಕು. ಎಲ್ಲೋ ಯಾರೋ ಕೊಡುತ್ತಿರುತ್ತಾರೆ. ಸೈಜೆರಿಯಾ 2003ರಲ್ಲಿ ಶಾಂಘೈಯಲ್ಲಿ ಮಳಿಗೆ ತೆರೆಯಿತು. ಈಚಿನ ವರ್ಷಗಳಲ್ಲಿ ಸಂಸ್ಥೆಯ ಲಾಭದ ದೊಡ್ಡ ಪಾಲು ಬಂದಿರುವುದು ಚೀನಾ ಮೊದಲಾದ ಏಷ್ಯಾದ ಮಳಿಗೆಗಳಿಂದ, ಜಪಾನಿನಿಂದಲ್ಲ. ಇಚಿಕಾವಾದ ಮುದುಕರ ತಟ್ಟೆಗೆ ಶಾಂಘೈನ ಹುಡುಗರ ಆಸರೆಯೂ ಸ್ವಲ್ಪ ಇದೆ ಎಂದ ಹಾಗಾಯಿತು. ಇನ್ನು ಜಪಾನಿನ ಇಂಥ ಹೋಟೆಲುಗಳೆಲ್ಲ ನಡೆಯುವುದು ಬಹುಮಟ್ಟಿಗೆ ಗಂಟೆಗಳ ಲೆಕ್ಕದಲ್ಲಿ ಸಂಬಳ ಪಡೆಯುವ ಅರೆಕಾಲಿಕ ಕೆಲಸಗಾರರಿಂದ.

ನಾನು ಹುಡುಗನನ್ನೇ ಕೇಳಿದೆ. "ಏನಪ್ಪಾ, ನೀನು ಅಡುಗೆಮನೆಯ ಒಳಗಿನವನು. ಹೆಜ್ಜೆ ಉಳಿಸುವುದು, ನಿಮಿಷ ಉಳಿಸುವುದು ಅಂದರೆ ಕೊನೆಗೆ ಕೆಲಸದವನ ಬೆನ್ನು ಬಾಗಿಸುವುದೇ ಅಲ್ಲವೇ?"

ಅವನು ಫೋರ್ಕಿಗೆ ಶಾವಿಗೆ ಸುತ್ತುತ್ತಾ ಸ್ವಲ್ಪ ಹೊತ್ತು ಯೋಚಿಸಿದ. "ಎರಡು ಥರ ಇದೆ ಸಾರ್. ನಾನು ಕೆಲಸ ಮಾಡೋ ಕಡೆ ತೊಟ್ಟಿ ಒಂದು ಮೂಲೆ, ತಟ್ಟೆ ಜೋಡಿಸೋ ಕಪಾಟು ಇನ್ನೊಂದು ಮೂಲೆ. ಒಂದು ರಾತ್ರಿಗೆ ಎಷ್ಟು ಸಲ ಓಡಾಡ್ತೀನೋ ಲೆಕ್ಕವಿಲ್ಲ. ಬೇಗ ಮಾಡು, ಬೇಗ ಮಾಡು ಅಂತಾರೆ. ಕಪಾಟನ್ನ ತೊಟ್ಟಿ ಪಕ್ಕಕ್ಕೆ ತಂದಿಡಿ ಅಂತ ಹೇಳಿದೆ, ಯಾರೂ ಕೇಳಲಿಲ್ಲ. ಬೇಗ ಓಡು ಅನ್ನೋದು ಒಂದು. ಓಡೋ ಹಾಗೆ ಆಗದಿರಲಿ ಅಂತ ಕಪಾಟು ಸರಿಸೋದು ಇನ್ನೊಂದು."

ಓದುಗರೇ, ನನ್ನ ಇಡೀ ಸೇವಾವಧಿಯಲ್ಲಿ 'ಕಾರ್ಯ' ಮತ್ತು 'ದಕ್ಷತೆ'ಯ ಪಾಠವನ್ನು ಇಷ್ಟು ಚೆನ್ನಾಗಿ ಹೇಳಲು ನನಗೆ ಆಗಿಲ್ಲ. ಅಗ್ಗದಲ್ಲಿ ಎರಡು ಬಗೆ. ಒಂದು ಯಾರದೋ ಹೊಟ್ಟೆಯಿಂದ ಕಿತ್ತದ್ದು. ಇನ್ನೊಂದು ಯಾರಿಗೂ ಬೇಡವಾದ ವ್ಯರ್ಥ ಹೆಜ್ಜೆಯಿಂದ ಉಳಿಸಿದ್ದು. ಹೊರಗಿನಿಂದ ನೋಡಿದರೆ ದರಪಟ್ಟಿಯಲ್ಲಿ ಎರಡೂ ಒಂದೇ ಸಂಖ್ಯೆ. ಆ ಭೌತಶಾಸ್ತ್ರಜ್ಞ ಹುಡುಕಿ ಹೊರಟದ್ದು ಎರಡನೆಯದನ್ನು. ಅದನ್ನು ಅವರು ಪೂರ್ತಿ ಮುಟ್ಟಿದರೇ ಎಂಬುದನ್ನು ಅವರ ಅಡುಗೆಮನೆಯಲ್ಲಿ ನಿಂತು ದುಡಿದವರೇ ಹೇಳಬೇಕು, ಮೆತ್ತನೆಯ ಬೆಂಚಿನ ಮೇಲೆ ಕುಳಿತು ಉಂಡ ನಾನಲ್ಲ.

ಊಟ ಮುಗಿಯುವ ಹೊತ್ತಿಗೆ ಹುಡುಗ ಸ್ವಲ್ಪ ಸಂಕೋಚದಿಂದ ಹೇಳಿದ, "ಸಾರ್, ಇಲ್ಲಿ ಹುಡುಗರು ಹುಡುಗಿಯರನ್ನ ಸೈಜೆರಿಯಾಗೆ ಕರ್ಕೊಂಡು ಬಂದರೆ ಅದು ಅವಮಾನವಾ ಅಲ್ಲವಾ ಅಂತ ದೊಡ್ಡ ವಾದವೇ ನಡೆಯುತ್ತೆ. ಮೇಷ್ಟ್ರನ್ನ ಕರ್ಕೊಂಡು ಬಂದರೆ ಏನು ಅಂತ ಯಾರೂ ಹೇಳಿಲ್ಲ."

ನಾನು ಹೇಳಿದೆ, "ನೋಡಪ್ಪಾ, ಆ ಮೂಲೆಯಲ್ಲಿ ಓದುತ್ತಿರುವ ಮಕ್ಕಳು, ಈ ಕಡೆ ಒಂಟಿ ಮುದುಕರು, ನಡುವೆ ಆ ಸಂಸಾರ. ಎಲ್ಲರಿಗೂ ಕುರ್ಚಿಯಿದೆ, ಬಟ್ಟಲಿದೆ. ಯಾರೂ ಬೆಲೆ ನೋಡಿ ಗಾಬರಿಯಾಗಿ ದರಪಟ್ಟಿ ಮುಚ್ಚಿಡುತ್ತಿಲ್ಲ. ಇಲ್ಲಿ ಅವಮಾನಕ್ಕೆ ಜಾಗವೆಲ್ಲಿ?" ಅದು ಅವನನ್ನು ಸಮಾಧಾನಪಡಿಸಲು ಆಡಿದ ಮಾತಲ್ಲ. ಪರೀಕ್ಷಾ ಶುಲ್ಕದ ದಿನ ತಲೆ ತಗ್ಗಿಸಿ ಕುಳಿತಿದ್ದ ಹುಡುಗ ಎದುರಿನ ಬೆಂಚಿನಲ್ಲಿ ತಲೆಯೆತ್ತಿ ಕುಳಿತು ನನಗೆ ಇನ್ನೊಂದು ಲೋಟ ಕಾಫಿ ತರಲೇ ಎಂದು ಕೇಳುತ್ತಿದ್ದ. ಒಂದು ತಟ್ಟೆ 2,000 ಯೆನ್ನಿನ ಹೋಟೆಲಿನಲ್ಲಿ ಅವನು ಹಾಗೆ ಕೂರಲು ಆಗುತ್ತಿರಲಿಲ್ಲ, ನನಗೆ ಉಣ್ಣಲೂ ಆಗುತ್ತಿರಲಿಲ್ಲ. ಬಡವನಿಗೆ ಅಗ್ಗವಾಗಿ ಊಟ ಸಿಕ್ಕರೆ ಸಾಕು ಎಂದು ನಾವು ತಿಳಿದಿರುತ್ತೇವೆ. ಅವನಿಗೂ ಒಮ್ಮೆ ಇನ್ನೊಬ್ಬರನ್ನು ಊಟಕ್ಕೆ ಕರೆಯುವ ಆಸೆಯಿರುತ್ತದೆ ಎಂಬುದು ನಮ್ಮ ಗಮನಕ್ಕೇ ಬಂದಿರುವುದಿಲ್ಲ.

ಮನೆಯಲ್ಲಿ ಮಾಡಿ ನೋಡುವವರಿಗಾಗಿ ಅಳತೆ ಹೇಳಿಬಿಡುತ್ತೇನೆ. ಇಬ್ಬರಿಗೆ 200 ಗ್ರಾಂ ಸ್ಪಗೆಟ್ಟಿ, ಎರಡು ಲೀಟರ್ ನೀರು, 20 ಗ್ರಾಂ ಉಪ್ಪು, ತೆಳುವಾಗಿ ಹೆಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ, ಬೀಜ ತೆಗೆದ ಎರಡು ಒಣಮೆಣಸಿನಕಾಯಿ, ನಾಲ್ಕು ದೊಡ್ಡ ಚಮಚ ಎಣ್ಣೆ. ಆಲಿವ್ ಎಣ್ಣೆ ಇಟಲಿಯ ಕ್ರಮ. ದುಬಾರಿಯೆನಿಸಿದರೆ ಕಡಲೆಕಾಯಿ ಎಣ್ಣೆಯಲ್ಲೂ ಆಗುತ್ತದೆ, ಪರಿಮಳ ಬೇರೆ. ಶಾವಿಗೆ ಬಸಿಯುವ ಮೊದಲು ಒಂದು ಲೋಟ ಬೆಂದ ನೀರು ತೆಗೆದಿಡುವುದನ್ನು ಮಾತ್ರ ಮರೆಯಬೇಡಿ. ನನ್ನ ಶ್ರೀಮತಿ ಮೊದಲ ಸಲ ಅಭ್ಯಾಸಬಲದಿಂದ ಅದನ್ನು ಚೆಲ್ಲಿ, ಆಮೇಲೆ ನನ್ನ ಪಾಠವನ್ನೇ ದೂಷಿಸಿದಳು.

ಬಿಲ್ಲು ಬಂತು. ಡೋರಿಯಾ 300, ಸ್ಪಗೆಟ್ಟಿ 300, ಸಲಾಡ್ 350, ಎರಡು ಪಾನೀಯಕ್ಕೆ 400. ಒಟ್ಟು 1,350 ಯೆನ್. ಕೈ ಜೇಬಿನ ಕಡೆ ಹೋಗದಂತೆ ನನ್ನನ್ನು ನಾನೇ ತಡೆದುಕೊಂಡೆ. ಮನಸ್ಸು ಮಾತ್ರ ಸುಮ್ಮನಿರಲಿಲ್ಲ, ಲೆಕ್ಕ ಹಾಕಿತು. ಕನಿಷ್ಠ ಕೂಲಿಯ ಪ್ರಕಾರ ಒಂದೂಕಾಲು ಗಂಟೆ. ತೊಟ್ಟಿಯಿಂದ ಕಪಾಟಿಗೆ, ಕಪಾಟಿನಿಂದ ತೊಟ್ಟಿಗೆ ಒಂದೂಕಾಲು ಗಂಟೆ ಅವನು ನನಗಾಗಿ ನಡೆದಿದ್ದ.

ಅವನು ಒಂದು ಸಾವಿರದ ನೋಟನ್ನೂ ಒಂದು ಐನೂರರ ನಾಣ್ಯವನ್ನೂ ಕೊಟ್ಟ. 150 ಯೆನ್ ವಾಪಸು ಬಂತು. ನೂರರ ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಐವತ್ತರದನ್ನು ನನ್ನ ಅಂಗೈಯಲ್ಲಿಟ್ಟ. "ಇಟ್ಕೊಳ್ಳಿ ಸಾರ್, ನಡುವೆ ತೂತು ಇದೆ. ಮಕ್ಕಳಿಗೆ ತೋರಿಸಿ."

ಆ ನಾಣ್ಯ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಒಂಬತ್ತನೆಯ ತರಗತಿಯ ಮಕ್ಕಳು ಅದನ್ನು ಕಣ್ಣಿಗೆ ಹಿಡಿದು ಕಿಟಕಿಯಾಚೆ ನೋಡುತ್ತಾರೆ. "ತೂತು ಯಾಕೆ ಸಾರ್?" ಎಂದು ಕೇಳುತ್ತಾರೆ. ಕೈಗೆ ಸಿಕ್ಕ ತಕ್ಷಣ ಬೇರೆ ನಾಣ್ಯಗಳಿಂದ ಗುರುತಿಸಲಿಕ್ಕೆ ಅನುಕೂಲ ಎಂದು ಹೇಳುತ್ತೇನೆ. ಕೊನೆಯ ಬೆಂಚಿನಲ್ಲಿ ಯಾರಾದರೂ ತಲೆ ತಗ್ಗಿಸಿ ಕುಳಿತಿದ್ದಾರೆಯೇ ಎಂದು ಒಮ್ಮೆ ನೋಡಿ, ಆಮೇಲೆ ಪಾಠ ಮುಂದುವರಿಸುತ್ತೇನೆ.